ಒಂದು ಹೆಸರು, ಎರಡು ಹೂವು

ಮಸ್ಕತ್‌ನಲ್ಲಿ ದೀಪಾವಳಿಗೆ ಬಾಗಿಲಿಗೆ ಕಟ್ಟಿದ ಚೆಂಡು ಹೂವಿನ ಮಾಲೆಯನ್ನ ನೀವು ಆಮೇಲೆ ಏನು ಮಾಡ್ತೀರಿ? ಒಂದು ವರ್ಷ ನಾನು ಅದರ ಎಸಳು ಬಿಡಿಸಿ ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿದೆ. ಮಗಳು ಪದೇ ಪದೇ ಬಿದ್ದು ಮೊಣಕಾಲು ತರಚಿಕೊಳ್ತಾಳೆ. ಮಾರಿಗೋಲ್ಡ್ ಎಣ್ಣೆ ಗಾಯಕ್ಕೆ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಹಚ್ಚುವ ಮುಂಚೆ, ಮನೆಯಲ್ಲಿದ್ದ ಮುಲಾಮಿನ ಟ್ಯೂಬ್ ತಿರುಗಿಸಿ ನೋಡಿದೆ. ಅದರಲ್ಲಿದ್ದದ್ದು ಕ್ಯಾಲೆಂಡುಲ ಅಫಿಸಿನಾಲಿಸ್. ನಮ್ಮ ಚೆಂಡು ಹೂವು ಟಾಜೆಟಿಸ್ ಇರೆಕ್ಟ. ಗಿಡವೇ ಬೇರೆ!

ಹೀಗಾಗಿದ್ದು ಹೇಗೆ? ಯುರೋಪಿನಲ್ಲಿ ಮಾರಿಗೋಲ್ಡ್ ಅಂದರೆ ಮೊದಲು ಕ್ಯಾಲೆಂಡುಲವೇ. ಅಲ್ಲಿ ಅದು ಮಧ್ಯಯುಗದಿಂದಲೂ ಮನೆಮದ್ದು. ಚೆಂಡು ಹೂವಿನ ತವರು ಮೆಕ್ಸಿಕೊ, ಮಧ್ಯ ಅಮೆರಿಕ. 1492ರ ನಂತರ ಅದು ಸಮುದ್ರ ದಾಟಿ ಬಂದಾಗ, ಯುರೋಪಿನವರು ಹೊಸ ಹೂವಿಗೂ ಹಳೇ ಹೆಸರನ್ನೇ ಅಂಟಿಸಿದರು. ಪೋರ್ಚುಗೀಸರು 1507ರಲ್ಲಿ ಮಸ್ಕತ್ತನ್ನೂ 1510ರಲ್ಲಿ ಗೋವಾವನ್ನೂ ಹಿಡಿದ ಕಾಲ ಅದು. ನಮ್ಮ ಅಡುಗೆಮನೆಯ ಮೆಣಸಿನಕಾಯಿಯೂ ಅದೇ ಅಮೆರಿಕದಿಂದ ಬಂದದ್ದೇ. ಅಂದರೆ, ತುಂಬಾ ಪುರಾತನ ಅನ್ನಿಸುವ ನಮ್ಮ ಚೆಂಡು ಹೂವಿನ ತೋರಣಕ್ಕೆ ಹೆಚ್ಚೆಂದರೆ ಐನೂರು ವರ್ಷ.

1753ರಲ್ಲಿ ಲಿನೇಯಸ್ ತನ್ನ ಪುಸ್ತಕದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟ. ಆದರೆ ಆಡುಮಾತಿನ ಇಂಗ್ಲಿಷ್ ಹೆಸರು ಹಾಗೇ ಉಳಿಯಿತು. ಡೇಟಾ ಕೆಲಸದಲ್ಲಿ ಇದನ್ನ ತಪ್ಪು ಕೀ ಮೇಲೆ ಎರಡು ಟೇಬಲ್ ಜೋಡಿಸೋದು ಅಂತೀವಿ. ಉತ್ತರ ಬರುತ್ತೆ, ಸರಿ ಇರಲ್ಲ.

ಇಲ್ಲಿ ತಪ್ಪಿನ ಬೆಲೆ ಚರ್ಮದ್ದು. ಕ್ಯಾಲೆಂಡುಲಕ್ಕೆ ಸ್ವಲ್ಪ ಪುರಾವೆ ಇದೆ: 2004ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ, ಸ್ತನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 254 ಮಹಿಳೆಯರಲ್ಲಿ ಚರ್ಮದ ಉರಿಯೂತ ಕ್ಯಾಲೆಂಡುಲ ಹಚ್ಚಿದವರಿಗೆ ಕಡಿಮೆ ಇತ್ತು. ಆ ಫಲಿತಾಂಶವನ್ನ ಚೆಂಡು ಹೂವಿಗೆ ದಾಟಿಸೋಕಾಗಲ್ಲ. ಚೆಂಡು ಹೂವಿನ ಗಿಡದಲ್ಲಿರೋ ಥಯೋಫೀನ್ ಎಂಬ ರಾಸಾಯನಿಕಗಳು ಬಿಸಿಲು ತಾಗಿದರೆ ಚರ್ಮವನ್ನ ಸುಡಬಲ್ಲವು. ಒಮಾನಿನ ಬಿಸಿಲು ನಿಮಗೆ ಗೊತ್ತಲ್ಲ!

ಕ್ಯಾಲೆಂಡುಲವೂ ಎಲ್ಲರಿಗೂ ಆಗಿಬರಲ್ಲ. ಸೇವಂತಿಗೆ ಜಾತಿಯ ಹೂಗಳು ಅಲರ್ಜಿ ಇರುವವರು ದೂರ ಇಡಿ. ಸಣ್ಣ ತರಚು ಗಾಯಕ್ಕೆ ಮೊದಲು ಸೋಪು, ನೀರು, ಆಳವಾದದ್ದಕ್ಕೆ ಡಾಕ್ಟರು.

ಮುಂದಿನ ಸಲ ಊರಿನಿಂದ ಅಜ್ಜಿ ಒಂದು ಮದ್ದು ಹೇಳಿದರೆ ಆ ಕನ್ನಡ ಹೆಸರನ್ನ ನೇರ ಇಂಗ್ಲಿಷಿಗೆ ತಿರುಗಿಸಿ ಅಂಗಡಿಗೆ ಓಡಬೇಡಿ. ಗಿಡದ ಫೋಟೋ ಕೇಳಿ, ಲ್ಯಾಟಿನ್ ಹೆಸರು ಹುಡುಕಿ. ಅಜ್ಜಿಗೆ ಗಿಡ ಗೊತ್ತು. ತಪ್ಪೋದು ನಮ್ಮ ಅನುವಾದ.

ನಾನು ಮಾಡಿದ ಎಣ್ಣೆ? ದೇವರ ದೀಪಕ್ಕೆ ಹೋಯ್ತು. ಚೆನ್ನಾಗೇ ಉರೀತು.