ಒನ್ಸ್ ಮೋರ್ ಬಿತ್ತು

ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೋಗುವಾಗ ಸಿಗುವ ಒಂದು ಊರು. ಈಗ ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡಿದೆ. ಅಲ್ಲಿ ಒಂದು ರಾತ್ರಿ ‘ಕುರುಕ್ಷೇತ್ರ’ ನೋಡಿದ್ದೆ. ಬೆಳಗಿನ ಜಾವದ ಹೊತ್ತಿಗೆ ಭೀಮನ ಗದೆ ತಗುಲಿ ತೊಡೆ ಮುರಿದ ದುರ್ಯೋಧನ ಬಿದ್ದಲ್ಲೇ ಒಂದು ಕಂದಪದ್ಯ ಹಾಡಿದ. ಜನ ಬಿಡಲಿಲ್ಲ. “ವನ್ಸ್‌ಮೋರ್!” ಹಾರ್ಮೋನಿಯಂ ಮೇಷ್ಟ್ರು ತಲೆಯಾಡಿಸಿ ಮತ್ತೆ ಶ್ರುತಿ ಹಿಡಿದರು. ಕುರುರಾಯ ಎದ್ದು ಕೂತು, ಕಿರೀಟ ಸರಿಮಾಡಿಕೊಂಡು, ಮೊದಲಿಗಿಂತ ಉದ್ದ ಎಳೆದು ಹಾಡಿ, ತೊಡೆ ಹಿಡಿದುಕೊಂಡು ಇನ್ನೊಮ್ಮೆ ಬಿದ್ದ. ಪಕ್ಕದಲ್ಲಿದ್ದ ಹಿರಿಯರು ಕಂಬಳಿ ಹೊದ್ದುಕೊಳ್ಳುತ್ತಾ ಹೇಳಿದರು: “ಇವತ್ತು ನಾಕು ವನ್ಸ್‌ಮೋರ್ ಬಿತ್ತು ನೋಡಿ ಸ್ವಾಮಿ.”

ಆ ‘ಬಿತ್ತು’ ನನ್ನ ತಲೆಯಲ್ಲಿ ಕೂತಿತು. ಕನ್ನಡದಲ್ಲಿ ಪ್ರೇಕ್ಷಕ ಕೊಡುವುದೆಲ್ಲ ಬೀಳುತ್ತದೆ. ಚಪ್ಪಾಳೆ ಬೀಳುತ್ತದೆ, ಶಿಳ್ಳೆ ಬೀಳುತ್ತದೆ, ಕೊರಳಿಗೆ ಹಾರ ಬೀಳುತ್ತದೆ. ಆಟ ಕೆಟ್ಟರೆ ಕೊಳೆತ ಟೊಮೆಟೊ ಬೀಳುವುದೂ ಹಾಗೆಯೇ. ಮಳೆಗೆ ಬಳಸುವ ಕ್ರಿಯಾಪದ ಇದು. ಯಾರು ಸುರಿಸಿದರು ಎಂದು ಕೇಳುವ ಹಾಗಿಲ್ಲ. ನಟನ ಕಡೆಯಿಂದ ಹೇಳುವಾಗ ಮಾತ್ರ ಮಾತು ಬದಲಾಗುತ್ತದೆ: ಅವನು ಒನ್ಸ್ ಮೋರ್ ‘ಗಿಟ್ಟಿಸಿದ’. ಅದರಲ್ಲಿ ಬೆವರಿದೆ, ಸ್ವಲ್ಪ ಚೌಕಾಸಿಯೂ ಇದೆ.

ಪದವೇನೋ ಇಂಗ್ಲಿಷಿನದು. ತಮಾಷೆಯೆಂದರೆ ಇಂಗ್ಲಿಷರು ತಮ್ಮ ಸಭಾಂಗಣಗಳಲ್ಲಿ ಹೀಗೆ ಕೂಗುವುದಿಲ್ಲ. ಅವರು ಫ್ರೆಂಚಿನ ‘ಆಂಕೋರ್’ ಎನ್ನುತ್ತಾರೆ. ಫ್ರೆಂಚರು ಅದನ್ನು ಬಿಟ್ಟು ಲ್ಯಾಟಿನ್ನಿನ ‘ಬಿಸ್’ ಎನ್ನುತ್ತಾರೆ. ಇನ್ನೊಂದು ಸಲ ಬೇಕು ಎನ್ನುವಾಗ ಯಾರಿಗೂ ಮನೆಮಾತು ಸಾಲುವುದಿಲ್ಲವೇನೋ. ನಮ್ಮಲ್ಲಿ ‘ಮತ್ತೊಮ್ಮೆ’ ಇದೆಯಲ್ಲ ಎನ್ನಬಹುದು. ಕೂಗಿ ನೋಡಿ. ಉಕ್ತಲೇಖನ ಬರೆಸುವ ಮೇಷ್ಟ್ರನ್ನು ಕೇಳಿದ ಹಾಗಾಗುತ್ತದೆ. ಮರಾಠಿ ಸಂಗೀತ ನಾಟಕದವರೂ, ನಮ್ಮ ಕಂಪನಿ ನಾಟಕದವರೂ ಒನ್ಸ್ ಮೋರನ್ನೇ ಒಪ್ಪಿಕೊಂಡರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮುಂದೆ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಆದರೆ ಆನೆಗೆ ಒನ್ಸ್ ಮೋರ್ ಹೇಳುವ ಹಾಗಿಲ್ಲ. ಅದು ಹಾಡಿಗೇ ಸಲ್ಲುವ ಮಾತು. ಸತ್ತ ಪಾತ್ರ ಎದ್ದು ಹಾಡಿದ ಕಥೆ ಇಲ್ಲದ ನಾಟಕದ ಊರು ಹಳೇ ಮೈಸೂರು ಸೀಮೆಯಲ್ಲಿ ಸಿಗುವುದು ಕಷ್ಟ.

ಒನ್ಸ್ ಮೋರ್ ಎಲ್ಲ ಸಲವೂ ಶುದ್ಧವಾದ ಮಳೆಯಲ್ಲ, ಮೋಡ ಬಿತ್ತನೆಯೂ ನಡೆಯುತ್ತದೆ. ಈ ಸೀಮೆಯ ಪೌರಾಣಿಕ ನಾಟಕಗಳಲ್ಲಿ ನಟನೇ ದುಡ್ಡು ಕೊಟ್ಟು ಪಾತ್ರ ಹಿಡಿಯುತ್ತಾನೆ. ಕೃಷ್ಣನಿಗೆ, ದುರ್ಯೋಧನನಿಗೆ ಹೆಚ್ಚು ಬೆಲೆ. ಒಬ್ಬನಿಂದಾಗದಿದ್ದರೆ ಇಬ್ಬರು ಮೂವರು ಒಬ್ಬ ಕೃಷ್ಣನನ್ನು ಹಂಚಿಕೊಳ್ಳುತ್ತಾರೆ. ಅಷ್ಟು ಖರ್ಚು ಮಾಡಿದವನ ಬಾಮೈದ ಸುಮ್ಮನೆ ಕೂರುತ್ತಾನೆಯೇ? ಆಟ ನಡೆಯುತ್ತಿರುವಾಗಲೇ ರಂಗ ಹತ್ತಿ ಹಾರ ಹಾಕುತ್ತಾನೆ, ಎದೆಗೆ ನೋಟು ಚುಚ್ಚುತ್ತಾನೆ, ಕೆಳಗಿಳಿದು ಒನ್ಸ್ ಮೋರ್ ಎಂದು ಗಂಟಲು ಹರಿದುಕೊಳ್ಳುತ್ತಾನೆ. ಗೆಳೆಯನೊಬ್ಬ ಶಕುನಿಯಾಗಿದ್ದಾಗ ನಾನೂ ಕೂಗಿದ್ದೇನೆ. ಅವನ ಹಾಡು ಅದಕ್ಕೆ ಲಾಯಕ್ಕಾಗಿರಲಿಲ್ಲ.

ಇದನ್ನು ಹಳ್ಳಿಗರ ಒರಟುತನ ಎನ್ನುವವರು ಭರತನ ನಾಟ್ಯಶಾಸ್ತ್ರದ 27ನೇ ಅಧ್ಯಾಯ ನೋಡಬೇಕು. ಪ್ರಯೋಗದ ಸಿದ್ಧಿ ಎಂದರೇನು ಎಂಬುದೇ ಅಲ್ಲಿನ ವಿಚಾರ, ಅದನ್ನು ಅಳೆಯುವ ಕೋಲು ಪ್ರೇಕ್ಷಕ. ಮುಗುಳ್ನಗೆ, ಅರೆನಗು, ಅಟ್ಟಹಾಸ. ‘ಸಾಧು’, ‘ಅಹೋ’ ಎಂಬ ಉದ್ಗಾರ. ಮೈ ಜುಮ್ಮೆನ್ನುವುದು, ಎದ್ದು ನಿಲ್ಲುವುದು, ಬಟ್ಟೆ ಉಂಗುರ ಎಸೆಯುವುದು. ಇವೆಲ್ಲ ಮಾನುಷ ಸಿದ್ಧಿ. ಬಾಮೈದನ ಹಾರವೂ ನೋಟೂ ಅಲ್ಲೇ ಇವೆ. ವೈರಿಗಳು ಸಗಣಿ ಉಂಡೆ, ಇರುವೆ ಎಸೆದು ಆಟ ಕೆಡಿಸುವುದನ್ನೂ ಭರತ ಮರೆತಿಲ್ಲ. ಆದರೆ ಇವೆಲ್ಲಕ್ಕಿಂತ ಬೇರೆಯಾದ ಇನ್ನೊಂದನ್ನು ದೈವಿಕ ಸಿದ್ಧಿ ಎಂದು ಕರೆದ: ರಂಗ ಕಿಕ್ಕಿರಿದು ತುಂಬಿದೆ, ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ.

ಅದೂ ಆ ರಾತ್ರಿ ಸಿಕ್ಕಿತ್ತು. ಕರ್ಣನ ಮುಂದೆ ಕುಂತಿ ಸೆರಗೊಡ್ಡಿ ನಿಂತಾಗ. ಕರ್ಣ ಚೆನ್ನಾಗಿಯೇ ಹಾಡಿದ, ಒಬ್ಬರೂ ಒನ್ಸ್ ಮೋರ್ ಅನ್ನಲಿಲ್ಲ. ಕಡಲೆಕಾಯಿ ಸುಲಿಯುವ ಸದ್ದೂ ನಿಂತು, ದೂರದ ಜನರೇಟರು ಮಾತ್ರ ಕೇಳುತ್ತಿತ್ತು. ಅವನ ಕಡೆಯವರಿಗೆ ಬೇಜಾರಾಗಿರಬೇಕು.

ಯಲಹಂಕದಲ್ಲಿ ಇದಕ್ಕಿಂತ ದೊಡ್ಡ ಬಯಲಾಟ ಇನ್ನೊಂದಿದೆ. 1996ರಿಂದ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ವಿಮಾನ ಪ್ರದರ್ಶನ, ಏರೋ ಇಂಡಿಯಾ. ಆ ವರ್ಷವೇ ಬೀದರಿನಲ್ಲಿ ಹುಟ್ಟಿದ, ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ ಅದರ ಕಥಾನಾಯಕ. ಟಿಕೆಟ್ಟಿಲ್ಲದವರಿಗೆ ತಾರಸಿ, ಮೇಲ್ಸೇತುವೆ, ಬಳ್ಳಾರಿ ರಸ್ತೆಯ ಅಂಚು. ಪ್ರೇಕ್ಷಕರು ಇಲ್ಲಿ ಕೊಡುವ ಕಾಣಿಕೆಯೇ ವಿಚಿತ್ರ: ಮಟನ್ ಬಿಡಬೇಕು. ಮಾಂಸದ ಚೂರಿಗೆ ಹದ್ದುಗಳು ಬಂದು ವಿಮಾನಕ್ಕೆ ಬಡಿಯಬಾರದೆಂದು 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ವಾಯುನೆಲೆಯ ಸುತ್ತ 13 ಕಿಲೋಮೀಟರಿನೊಳಗೆ ಮಾಂಸ ಮಾರಾಟವನ್ನೇ ನಿಲ್ಲಿಸಿದ್ದರು. ಚಪ್ಪಾಳೆ ಮೇಲಿನವರಿಗೆ ಕೇಳಿಸುವುದಿಲ್ಲ. ಅಲ್ಲಿಗೆ ಏನೂ ‘ಬೀಳುವ’ ಹಾಗಿಲ್ಲ. ಬಿದ್ದರೆ ನಮ್ಮ ಮೇಲೇ.

ತಾರಸಿಯ ನೀರಿನ ಟ್ಯಾಂಕಿನ ಕಟ್ಟೆ ಹತ್ತಿದ್ದ ಪಕ್ಕದ ಮನೆಯ ಹುಡುಗನಿಗೆ ಇದು ಗೊತ್ತಿರಲಿಲ್ಲ. ಒಂಬತ್ತು ವಿಮಾನಗಳು ಒಂದೇ ಹಕ್ಕಿಯ ಹಾಗೆ ದಾಟಿಹೋದವು. ಅವನು ಎರಡು ಕೈ ಬಾಯಿಗಿಟ್ಟು “ಒನ್ಸ್ ಮೋರ್!” ಎಂದು ಕೂಗಿದ. ಅವು ಜಕ್ಕೂರಿನ ಕಡೆ ಓರೆಯಾಗಿ, ದೊಡ್ಡ ಸುತ್ತು ಹೊಡೆದು, ಹೊಗೆ ಬಿಡುತ್ತಾ ನಮ್ಮ ತಲೆಯ ಮೇಲೇ ವಾಪಸು ಬಂದವು. ಹುಡುಗ ತಿರುಗಿ ನನ್ನನ್ನು ನೋಡಿದ.