‘ಗೊಂಬೆ’ ಹೇಳ್ಲಾಗಡ!

ಅಕ್ಕಂದಿರೇ, ಮಾಣಿಯಂಗೊ ಗೊಂಬೆ ಹಿಡುದರೆ ನೆಗೆ ಮಾಡುದು ನಮ್ಮ ಊರಿಲಿ ಮಾಂತ್ರ ಅಲ್ಲ. 1964ರಲ್ಲಿ ಅಮೇರಿಕದ ಹ್ಯಾಸ್ಬ್ರೊ ಕಂಪೆನಿ ಹತ್ತತ್ತರೆ ಒಂದು ಅಡಿ ಉದ್ದದ ಸೈನಿಕನ ಮಾಡಿತ್ತು, ಹೆಸರು ‘ಜಿ.ಐ. ಜೋ’. ಕೈಕಾಲು ಮಡುಸಲೆ ಆವುತ್ತು, ಅಂಗಿ ಬದಲ್ಸಲೂ ಆವುತ್ತು. 1959ರಲ್ಲಿ ಬಂದ ಬಾರ್ಬಿಯ ತಮ್ಮ ಹೇಳ್ಲಕ್ಕು! ಆದರೆ ಗೊಂಬೆ ಹೇಳಿರೆ ಮಾಣಿಯಂಗೊಕ್ಕೆ ಆರೂ ತೆಗದು ಕೊಡವು ಹೇಳಿ ಕಂಪೆನಿಯವಕ್ಕೆ ಹೆದರಿಕೆ. ಹಾಂಗಾಗಿ ‘ಆಕ್ಷನ್ ಫಿಗರ್’ ಹೇಳಿ ಹೊಸ ಹೆಸರು ಮಡಗಿದವು.

ಮತ್ತೆ 1970ರ ದಶಕಲ್ಲಿ ಮೆಗೋ ಕಂಪೆನಿಯ ಎಂಟು ಇಂಚಿನ ವೀರರು ಬಂದವು, ಬಟ್ಟೆಯ ಅಂಗಿ ಹಾಕಿಗೊಂಡು. ಅದರಲ್ಲಿ ಆಡಿದ ಮಕ್ಕೊ ದೊಡ್ಡ ಆದರೂ ಗೊಂಬೆಯ ಬಿಟ್ಟಿದವಿಲ್ಲೆ. 1997ರಲ್ಲಿ ಸುರುವಾದ ‘ಟಾಯ್‌ಫೇರ್’ ಪತ್ರಿಕೆಲಿ ಅದೇ ಮೆಗೋ ಗೊಂಬೆಗಳ ನಿಲ್ಲುಸಿ, ಪಟ ತೆಗದು, ಮಾತಿನ ಗುಳ್ಳೆ ಅಂಟುಸಿ ನೆಗೆಕತೆ ಮಾಡಿದವು. ‘ಗೊಂಬೆ ಅಲ್ಲ’ ಹೇಳಿ ಮಾರಿದ್ದರ ಅಂಗಿ ಸರಿಮಾಡಿ, ಕೂರುಸಿ, ಮಾತಾಡ್ಸುದು! ಕೂಸುಗೊ ಅಡಿಗೆ ಆಟಲ್ಲಿ ಮಾಡುದು ಇದನ್ನೇ ಅಲ್ಲದಾ?

ಅಂತರ್ಜಾಲ ಬಂದಪ್ಪಗ ಪತ್ರಿಕೆಯೂ ಬೇಡ ಆತು. 2004ರಲ್ಲಿ ಬರ್ನಿ ಹೌ ಹೇಳುವವು ‘ಏಲಿಯನ್ ಲವ್ಸ್ ಪ್ರಿಡೇಟರ್’ ಸುರು ಮಾಡಿದವು. ಸಿನೆಮಲ್ಲಿ ಈ ಎರಡುದೇ ಮನುಷ್ಯರ ಕೊಲ್ಲುವ ಭೂತಂಗೊ. ಇಲ್ಲಿ ಅವಕ್ಕೆ ಏಬ್, ಪ್ರೆಸ್ಟನ್ ಹೇಳಿ ಹೆಸರು, ನ್ಯೂಯಾರ್ಕಿಲಿ ಒಂದೇ ಬಿಡಾರಲ್ಲಿ ವಾಸ. ಲೋಕ ಗೆಲ್ಲುವ ಮಾತಿಲ್ಲೆ. ಒಟ್ಟಿಂಗೆ ಇಪ್ಪವರ ಕಿರಿಕಿರಿಯೇ ಕತೆ.

ಇದು ಸುಲಾಬದ ಕೆಲಸ ಹೇಳಿ ಗ್ರೇಶೆಡಿ. ಪ್ಲಾಸ್ಟಿಕ್ಕಿನ ಮೋರೆ ಹಂದುತ್ತಿಲ್ಲೆ. ಕೋಪ ಬಂದರೂ ಅದೇ ಹಲ್ಲು, ಬೇಜಾರಾದರೂ ಅದೇ ಹಲ್ಲು. ತಲೆಯ ರಜ್ಜ ಓರೆ ಮಾಡಿ, ಕೈಯ ಬಗ್ಗುಸಿ, ಕೆಮರವ ಕೆಳಂದ ಹಿಡುದು ಭಾವ ಬರುಸೆಕ್ಕು. ಒಂದು ಚೌಕಲ್ಲಿ ಎರಡುದೇ ಮಾತಾಡದ್ದೆ ನಿಂಬದು, ಮುಂದಾಣದ್ದರಲ್ಲಿ ಒಂದೇ ಮಾತು. ನೆಗೆ ಬಪ್ಪದು ಅಲ್ಲಿಯೇ. ನಮ್ಮ ಯಕ್ಷಗಾನ ಗೊಂಬೆಯಾಟಲ್ಲಿಯೂ ಮರದ ಮೋರೆ ಹಂದದ್ದರೂ ಭೀಮಂಗೆ ಕೋಪ ಬಂದದು ನವಗೆ ಗೊಂತಾವುತ್ತನ್ನೆ, ಹಾಂಗೆ.

ಟಾಯ್‌ಫೇರಿಲಿ ಇದ್ದ ಮ್ಯಾಥ್ಯೂ ಸೆನ್‌ರೈಕ್, ನಟ ಸೆತ್ ಗ್ರೀನ್ ಒಟ್ಟಿಂಗೆ ಸೇರಿ 2005ರಲ್ಲಿ ಟಿ.ವಿ.ಗೆ ‘ರೋಬೋಟ್ ಚಿಕನ್’ ತಂದವು. ಅದರಲ್ಲಿ ಗೊಂಬೆಯ ರಜ್ಜ ರಜ್ಜವೇ ಸರುಸಿ, ಒಂದೊಂದೇ ಪಟ ತೆಗದು ಓಡುಸುದು. ನಿಂಗಳ ಮನೆ ಮಾಣಿ ಸೋಫದ ಅಡಿಲಿ ಕವುಂಚಿ ಮನುಗಿ ಸ್ಪೈಡರ್‌ಮ್ಯಾನಿನ ಹತ್ತರೆ ಮಾತಾಡ್ತಾ ಇದ್ದರೆ, ಉಡುಗಲೆ ಹೋಪದು ರಜ್ಜ ಮತ್ತೆ ಆತು.