ನಾಗಮಂಡಲದ ದಾಖಲೀಕರಣ ಮತ್ತು ವರ್ಣ ಛಾಯಾಚಿತ್ರಗಳ ಆಯುಷ್ಯ

ಕರಾವಳಿ ಕರ್ನಾಟಕದ ಆರಾಧನಾ ಪರಂಪರೆಯಲ್ಲಿ ನಾಗಮಂಡಲವು ವರ್ಣಪ್ರಧಾನವಾದ ಆಚರಣೆ. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಎಂಬ ಐದು ಬಣ್ಣಗಳ ಪುಡಿಗಳಿಂದ ನೆಲದ ಮೇಲೆ ಬರೆಯುವ ಮಂಡಲವು ಆರಾಧನೆಯ ಕೊನೆಗೆ ಅಳಿದುಹೋಗುತ್ತದೆ. ಆದ್ದರಿಂದ ಹಿಂದಿನ ಒಂದು ಮಂಡಲದ ವರ್ಣವಿನ್ಯಾಸವನ್ನು ತಿಳಿಯಲು ಇಂದಿನ ಸಂಶೋಧಕನು ಬಹುಮಟ್ಟಿಗೆ ಛಾಯಾಚಿತ್ರವನ್ನೇ ಅವಲಂಬಿಸಬೇಕಾಗುತ್ತದೆ. ಆ ಚಿತ್ರವನ್ನು ಇರಿಸಿದ ಸ್ಥಳದ ಸ್ಥಿತಿಗತಿಯೂ ಅದರ ಪ್ರಾಮಾಣ್ಯವನ್ನು ನಿರ್ಧರಿಸುತ್ತದೆ.

ಕಪ್ಪು-ಬಿಳುಪು ಚಿತ್ರದಲ್ಲಿ ಬಿಂಬವನ್ನು ರೂಪಿಸುವುದು ಬೆಳ್ಳಿಯ ಕಣಗಳು. 1935ರಲ್ಲಿ ಕೊಡಾಕ್ರೋಮ್, 1936ರಲ್ಲಿ ಜರ್ಮನಿಯ ಅಗ್ಫಾಕಲರ್, 1942ರಲ್ಲಿ ಕಾಗದದ ಪ್ರತಿ ತೆಗೆಯಲು ಅನುವಾದ ಕೊಡಾಕಲರ್ ಫಿಲ್ಮುಗಳು ಬಂದ ಮೇಲೆ ಆ ಸ್ಥಾನವನ್ನು ಹಳದಿ, ಮೆಜೆಂಟಾ, ಸಯಾನ್ ಎಂಬ ಮೂರು ಸಾವಯವ ವರ್ಣದ್ರವ್ಯಗಳು ಪಡೆದವು. ಇವು ಬೆಳ್ಳಿಯಷ್ಟು ಸ್ಥಿರವಲ್ಲ. ಮೂರೂ ಒಂದೇ ವೇಗದಲ್ಲಿ ಮಾಸುವುದೂ ಇಲ್ಲ. ಹಿಂದಿನ ಪೀಳಿಗೆಯ ಕಪ್ಪು-ಬಿಳುಪು ಚಿತ್ರ ಸ್ಪಷ್ಟವಾಗಿ ಉಳಿದು, ಅನಂತರದ ವರ್ಣಚಿತ್ರ ಮಂಕಾಗಿರುವುದಕ್ಕೆ ಇದೇ ಕಾರಣ.

1970ರ ದಶಕದ ಅನೇಕ ವರ್ಣಪ್ರತಿಗಳಲ್ಲಿ, ಕತ್ತಲೆಯಲ್ಲಿ ಇರಿಸಿದ್ದರೂ, ಸಯಾನ್ ಮೊದಲು ಕ್ಷೀಣಿಸುತ್ತದೆ. ಚಿತ್ರದಲ್ಲಿ ಹಸಿರು ಮೂಡುವುದು ಹಳದಿ ಮತ್ತು ಸಯಾನ್‌ಗಳ ಸಂಯೋಗದಿಂದ. ಕಪ್ಪು ಮೂಡುವುದು ಮೂರರ ಸಂಯೋಗದಿಂದ. ಸಯಾನ್ ಕ್ಷೀಣಿಸಿದಾಗ ಹಸಿರು ಹಳದಿಯ ಕಡೆಗೂ ಕಪ್ಪು ಕೆಂಗಂದಿನ ಕಡೆಗೂ ತಿರುಗುತ್ತದೆ. ಎಲೆಯ ಪುಡಿಯ ಹಸಿರೂ ಸುಟ್ಟ ಹೊಟ್ಟಿನ ಕಪ್ಪೂ ಮರೆಯಾದ ಇಂತಹ ಚಿತ್ರವನ್ನು ನಂಬಿದವರು, ಆ ಕಾಲದ ಮಂಡಲದಲ್ಲಿ ಮೂರೇ ಬಣ್ಣಗಳಿದ್ದವೆಂದು ತೀರ್ಮಾನಿಸುವ ಅಪಾಯವಿದೆ. ಅಲ್ಲಿ ಬದಲಾದದ್ದು ಸಂಪ್ರದಾಯವಲ್ಲ, ಚಿತ್ರ.

ಈ ಕ್ಷಯಕ್ಕೆ ಉಷ್ಣ, ತೇವ, ಬೆಳಕು ಮುಖ್ಯ ಕಾರಣಗಳು. ಚಿತ್ರದ ಜೆಲಟಿನ್ ಪದರ ತೇವವನ್ನು ಹೀರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುವುದು ಸಾಮಾನ್ಯ. ಅಂಟುಹಾಳೆಯ ಆಲ್ಬಮ್ಮುಗಳೂ ಪಿವಿಸಿ ಹೊದಿಕೆಗಳೂ ಹಾನಿಯನ್ನು ಹೆಚ್ಚಿಸುತ್ತವೆ. ಉಷ್ಣತೆಯನ್ನು ಐದಾರು ಡಿಗ್ರಿ ಸೆಲ್ಸಿಯಸ್ ತಗ್ಗಿಸಿದರೆ ವರ್ಣದ್ರವ್ಯದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ. ಅಮೆರಿಕದ ಬೆಟ್‌ಮನ್ ಸಂಗ್ರಹವನ್ನು 2000ದ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಹಳೆಯ ಸುಣ್ಣಕಲ್ಲಿನ ಗಣಿಯೊಳಗಿನ ಶೀತಲ ಕೋಶಕ್ಕೆ ಸಾಗಿಸಿದ್ದು ಈ ತತ್ತ್ವವನ್ನು ಆಧರಿಸಿಯೇ.

ಅಂತಹ ಅನುಕೂಲವಿಲ್ಲದ ಸಂಸ್ಥೆಗಳೂ ಚಿತ್ರಗಳನ್ನು ಹೊರಗೋಡೆಗೆ ತಾಗದ ಒಣ ಕೋಣೆಯಲ್ಲಿ, ಆಮ್ಲರಹಿತ ಕಾಗದ ಅಥವಾ ಪಾಲಿಯೆಸ್ಟರ್ ಹೊದಿಕೆಯಲ್ಲಿ ಇರಿಸಬಹುದು. ತೇವ ನುಗ್ಗದಂತೆ ಮುಚ್ಚಿದ ಚೀಲದಲ್ಲಿ ಶೀತಕದಲ್ಲಿಟ್ಟರೆ, ಹೊರತೆಗೆದ ಪೊಟ್ಟಣವು ಕೋಣೆಯ ಉಷ್ಣತೆಗೆ ಬರುವವರೆಗೆ ತೆರೆಯಬಾರದು. ಡಿಜಿಟಲ್ ಪ್ರತಿಯು ಮುಂದಿನ ನಷ್ಟವನ್ನು ತಡೆಯಬಲ್ಲದು. ಈಗಾಗಲೇ ಅಳಿದ ಬಣ್ಣವನ್ನು ಖಚಿತವಾಗಿ ಮರಳಿಸಲಾರದು.

ಚಿತ್ರ ತೆಗೆದ ದಿನ ಮತ್ತು ಸ್ಥಳಗಳೊಂದಿಗೆ ಅದು ಎಲ್ಲಿ, ಹೇಗೆ ಇತ್ತೆಂಬ ವಿವರವೂ ದಾಖಲಾಗಬೇಕು. ಮಾಸಿದ ಚಿತ್ರದ ಸಾಕ್ಷ್ಯವನ್ನು ಮಂಡಲ ಬರೆಯುವ ವೈದ್ಯರ ತಿಳಿವಳಿಕೆಯೊಂದಿಗೆ ತಾಳೆ ನೋಡಬೇಕು. ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು ಮಾಡುವ, ಎಲೆಯನ್ನು ಒಣಗಿಸಿ ಹಸಿರು ಪುಡಿ ಮಾಡುವ ಅವರ ಅರಿವು, ಚಿತ್ರ ಕಳೆದುಕೊಂಡ ಬಣ್ಣವನ್ನು ಗುರುತಿಸಲು ನೆರವಾಗುತ್ತದೆ.